ಅಲುಗಾಡದವರನ್ನು ಕಾಣದ ಕ್ಯಾಮೆರಾ

ಫೆಬ್ರುವರಿ 9, ಭಾನುವಾರ. ಬೆಳಗ್ಗೆ 6.40ಕ್ಕೆ ಬರೆಯಲು ಕೂತೆ.

ಅಪ್ಪನಿಗೆ ಪಾರ್ಶ್ವವಾಯು ಹೊಡೆದ ಮೇಲೆ, ಬಾಗಲಗುಂಟೆಯ ನಮ್ಮ ಮನೆಯಲ್ಲಿ ಹಗಲು ಅವನ ಜೊತೆ ಯಾರಿರಬೇಕು ಎಂಬುದು ಬಗೆಹರಿಯಲಿಲ್ಲ. ನನ್ನ ಆಫೀಸು ಕೆಂಪಾಪುರದಲ್ಲಿ. ಅಮ್ಮನದು ಯಶವಂತಪುರದ ಕಾಲೇಜೊಂದರ ಲೈಬ್ರರಿ. ಆ ಕೆಲಸ ಬಿಡಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಮಾಮೂಲಿ ಕ್ಯಾಮೆರಾ ಇಡೋಣ ಅಂದರೆ ಅಪ್ಪ ಒಪ್ಪಲಿಲ್ಲ.

"ಪಂಚೆ ಜಾರಿರ್ತದೆ, ಜೊಲ್ಲು ಸುರೀತಿರ್ತದೆ. ಅದೆಲ್ಲ ಯಾರ್ ಮೊಬೈಲಿಗೆ ಹೋಗ್ತದೋ."

ಆಫೀಸಿನಲ್ಲಿ ನಾನು ಪರೀಕ್ಷೆ ಮಾಡುತ್ತಿದ್ದ ಸೆನ್ಸರ್ ಅವನಿಗೆಂದೇ ಮಾಡಿದಂತಿತ್ತು. ಅದು ಚಿತ್ರವನ್ನು ಹೊರಗೆ ಕಳಿಸುವುದಿಲ್ಲ. ಬೆಳಕು ಬೀಳುವ ಚಿಪ್‌ನೊಳಗೇ ಮನುಷ್ಯರನ್ನು ಗುರುತಿಸಲು ಕಲಿತ ಒಂದು ಪುಟ್ಟ ನ್ಯೂರಲ್ ನೆಟ್‌ವರ್ಕ್ ಆ ಚಿತ್ರವನ್ನು ನೋಡಿ, ಲೆಕ್ಕ ಹಾಕಿ, 'ಇದ್ದಾರೆ' ಅಥವಾ 'ಇಲ್ಲ' ಎಂದಷ್ಟೇ ಫೋನಿಗೆ ತಿಳಿಸುತ್ತದೆ. ಒಂದು ಬಟನ್ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಮೇಲಿನವರನ್ನು ಕೇಳಿ ತಂದು ಗೋಡೆಗೆ ಅಂಟಿಸಿದೆ. ಮೂರು ದಿನ ರಜೆ ಹಾಕಿ, ಅಪ್ಪನ ಸುತ್ತಲೇ ಓಡಾಡಿಕೊಂಡು, ಅದು ಹೇಳಿದ್ದು ಸರಿಯೇ ಎಂದು ನೋಡಿ ಗಂಟೆಗೊಂದು ಗೀಟು ಹಾಕಿದೆ. ಒಂದೂ ತಪ್ಪಲಿಲ್ಲ.

ಗುರುವಾರ ನಾನೂ ಕೆಲಸಕ್ಕೆ ಹೋದೆ. ಹನ್ನೊಂದರ ಹೊತ್ತಿಗೆ ಅಮ್ಮನ ಫೋನಿಗೆ 'ಇಲ್ಲ' ಬಂತು. ಎದ್ದು ನಿಲ್ಲಲಾರದ ಮನುಷ್ಯ ಎಲ್ಲಿಗೆ ಹೋಗುತ್ತಾನೆ? ಆಟೋ ಹಿಡಿದು ಓಡಿ ಬಂದಳು. ಬೀಗ ಹಾಕಿದ ಹಾಗೇ ಇತ್ತು. ಅಪ್ಪ ಕಿಟಕಿ ಕಡೆ ಮುಖ ಮಾಡಿ ಕುರ್ಚಿಯಲ್ಲೇ ಕೂತಿದ್ದ.

"ಏನ್ ಸಮಾಚಾರ, ಇಷ್ಟ್ ಬೇಗ?" ಅಂದನಂತೆ.

ಆಮೇಲಷ್ಟೇ ನನಗೆ ಹೊಳೆಯಿತು: ಚಾರ್ಜ್ ಉಳಿಸಲು ಆ ಸೆನ್ಸರ್ ಬದಲಾದ ಭಾಗವನ್ನು ಮಾತ್ರ ನೋಡುತ್ತದೆ. ಬಹಳ ಹೊತ್ತು ಬದಲಾಗದ್ದೆಲ್ಲ ಅದಕ್ಕೆ ಗೋಡೆ, ಕುರ್ಚಿ. ನಾನು ಗೀಟು ಹಾಕಿದ ಮೂರು ದಿನವೂ ಅದು ಕಂಡದ್ದು ಓಡಾಡುತ್ತಿದ್ದ ನನ್ನನ್ನು. ಚಿಪ್‌ನಲ್ಲೇ ಕೂರಿಸಿದ ಈ ಗುಣವನ್ನು ನಾನು ಬದಲಿಸಲಾರೆ.

"ಆಗಾಗ ಬಲಗೈ ಎತ್ತಪ್ಪ, ಸಾಕು" ಅಂದೆ.

ಶುಕ್ರವಾರವಿಡೀ ಎತ್ತಿದ. ಸಂಜೆಗೆ ಕೈ ಮೇಲೇಳುತ್ತಿರಲಿಲ್ಲ. "ಬದುಕಿದೀನಿ ಅಂತ ಗೋಡೆಗೆ ಇಂಗೆ ಹಾಜರಿ ಹಾಕ್ತಾ ಕೂರ್ಬೇಕಾ ಮಗಾ?" ಅಂದು ಬಾಯಿಯ ಒಂದೇ ಬದಿಯಲ್ಲಿ ನಕ್ಕ. ಅಮ್ಮ ನಗಲಿಲ್ಲ. ನಿನ್ನೆ ರಾಜೀನಾಮೆ ಕೊಟ್ಟು ಬಂದಳು.

ತಿಂಗಳ ಕೊನೆಯವರೆಗೆ ರಾಜೀನಾಮೆಯನ್ನು ವಾಪಸ್ ಪಡೆಯಬಹುದಂತೆ. ಚಿತ್ರ ಹೊರಗೆ ಬಿಡದೆ, ಸುಮ್ಮನೆ ಕೂತವರನ್ನೂ ಮನುಷ್ಯರೆಂದು ಗುರುತಿಸುವ ಸೆನ್ಸರ್ ಯಾರಿಗಾದರೂ ಗೊತ್ತಿದ್ದರೆ ಅಷ್ಟರೊಳಗೆ ನನಗೆ ಬರೆಯಿರಿ. ನಮ್ಮ ಆಫೀಸಿನಲ್ಲಿ ಕೇಳಿ ಆಗಿದೆ.