ಚಾಪೆಯಮ್ಮ ಸೇರಿಸಿದ ಸಾಲು

ಬೀದಿಗೆಲ್ಲ ಅವಳು ಚಾಪೆಯಮ್ಮ. ಬಟ್ಟೆ ಕಾರ್ಖಾನೆಗೆ ಹೋಗುವ ತಾಯಂದಿರು ಬೆಳಗ್ಗೆ ಎಂಟಕ್ಕೆ ಮಕ್ಕಳನ್ನು ಅವಳ ಮುಂದಿನ ಕೋಣೆಯಲ್ಲಿ ಬಿಟ್ಟು ಓಡುತ್ತಿದ್ದರು; ಮಧ್ಯಾಹ್ನವಾದರೆ ಅಲ್ಲಿ ಹನ್ನೊಂದು ಚಾಪೆ ಬಿಚ್ಚಿಕೊಳ್ಳುತ್ತಿದ್ದವು. ಗಂಡ ತೀರಿಕೊಂಡ ವರ್ಷ ಶುರುವಾದ ಕೆಲಸ ಇದು. ಸ್ವಂತ ಮಕ್ಕಳಿರಲಿಲ್ಲ. ಕೇಳಿದವರಿಗೆ, "ಹೊತ್ತು ಮುಳುಗೋ ತನಕ ಹನ್ನೊಂದಿದಾವೆ, ಆಮೇಲೆ ಒಂದೂ ಇಲ್ಲ" ಎಂದು ನಗುತ್ತಿದ್ದಳು. ನಕ್ಕು, ಬಾಗಿಲು ಹಾಕಿಕೊಂಡು, ಒಬ್ಬಳೇ ಉಣ್ಣುತ್ತಿದ್ದಳು.

ಅವಳ ಮನೆಯಲ್ಲಿ ಸದ್ದು ಮಾಡದ ಮಗುವೇ ಒಳ್ಳೆಯ ಮಗು. ಅಷ್ಟು ಮಕ್ಕಳನ್ನು ಒಂದೇ ಕೋಣೆಯಲ್ಲಿ ಮಲಗಿಸುವವಳಿಗೆ ಬೇರೆ ಅಳತೆ ಎಲ್ಲಿಂದ ಬರಬೇಕು? ಹೊಲಿಗೆಯವಳ ಮಗಳಂತೂ ಅಪ್ಪಟ ಚಿನ್ನ. ಒಮ್ಮೆ ಜೋಡಿಸಿಟ್ಟ ತಟ್ಟೆಗಳೆಲ್ಲ ನೆಲಕ್ಕುರುಳಿ ಹತ್ತು ಮಕ್ಕಳೂ ಕಿಟಾರನೆ ಕಿರುಚಿಕೊಂಡಾಗ ಅವಳೊಬ್ಬಳು ಮಿಸುಕಲಿಲ್ಲ. "ನೋಡಿ ಕಲೀರಿ, ನನ್ನ ಬಂಗಾರಿ ಹೇಗೆ ಮಲಗಿದೆ!" ಎಂದು ಚಾಪೆಯಮ್ಮ ಉಳಿದವರನ್ನು ಗದರಿದ್ದಳು. ಮಗುವಿಗೆ ಮಾತೇ ಬಂದಿಲ್ಲವಲ್ಲ ಎಂದು ತಾಯಿ ಕೇಳಿದಾಗ, "ಕೆಲವರಿಗೆ ತಡ ಕಣೇ, ಬರುತ್ತೆ ಬಿಡು" ಎಂದು ಧೈರ್ಯವನ್ನೂ ಹೇಳಿದ್ದಳು.

ಬಂಗಾರಿ ಶಾಲೆಗೆ ಸೇರಿದ ಮೊದಲ ವಾರವೇ ಟೀಚರು ಕಂಡುಹಿಡಿದರು: ಮಗುವಿಗೆ ಕಿವಿ ಕೇಳಿಸದು. ಹೊಲಿಗೆಯವಳು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಾಗಿಲಲ್ಲೇ ನಿಂತು, "ಮೂರು ವರ್ಷ ನಿಮ್ಮ ಹತ್ರಾನೇ ಇತ್ತಲ್ಲಮ್ಮ. ಮೊದಲೇ ಗೊತ್ತಾಗಿದ್ರೆ ಇಷ್ಟೊತ್ತಿಗೆ ಮಾತಾಡ್ತಿತ್ತಂತೆ" ಎಂದಳಷ್ಟೆ.

ಅಂದಿನಿಂದ ಚಾಪೆಯಮ್ಮ ನಗರಸಭೆಗೆ ಅಲೆದು ಚಪ್ಪಲಿ ಸವೆಸಿದಳು. ಸರ್ಕಾರದ ಖರ್ಚಿನಲ್ಲೇ ಬೀದಿಗೊಂದು ಮಕ್ಕಳ ಮನೆ ಬೇಕು, ದುಡಿಯುವ ತಾಯಂದಿರ ಹತ್ತಿರ ಕಾಸು ಕೇಳಕೂಡದು. ಅರ್ಜಿ ಬರೆಯುತ್ತಿದ್ದ ಗುಮಾಸ್ತನಿಗೆ ಇನ್ನೊಂದು ಸಾಲು ಸೇರಿಸಲು ಹೇಳಿದಳು: ಓದಿ, ತರಬೇತಿ ಪಡೆದವರನ್ನೇ ಅಲ್ಲಿ ನೇಮಿಸಬೇಕು.

"ನೀವೆಷ್ಟು ಓದಿದೀರಮ್ಮ?"

"ಹೆಬ್ಬೆಟ್ಟು."

"ಮತ್ತೆ ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೋತಿದೀರಲ್ಲ! ಮಕ್ಕಳೆಲ್ಲ ಅಲ್ಲಿಗೆ ಹೋಗ್ತಾವೆ, ನಿಮ್ಮನ್ನ ಒಳಗೂ ಬಿಡಲ್ಲ."

"ಗೊತ್ತು. ಆ ಮಗು ನಿದ್ದೆ ಮಾಡೋದನ್ನ ಮೂರು ವರ್ಷ ಹೊಗಳಿದೀನಿ ಸಾರ್. ಬರೀರಿ."

ನಾಲ್ಕು ವರ್ಷದ ಮೇಲೆ ಬೀದಿಯ ಕೊನೆಯಲ್ಲಿ ಮಕ್ಕಳ ಮನೆ ತೆರೆಯಿತು. ಮೊದಲ ದಿನವೇ ಅಲ್ಲಿನ ಟೀಚರು ಪ್ರತಿ ಮಗುವಿನ ಹಿಂದೆ ನಿಂತು ಗಂಟೆ ಬಾರಿಸಿ ನೋಡಿದರಂತೆ. ಕೇಳಿ ಚಾಪೆಯಮ್ಮನ ಹೊಟ್ಟೆ ತಣ್ಣಗಾಯಿತು. ಸ್ವಲ್ಪ ಉರಿಯಿತು ಕೂಡ, ಸುಳ್ಳೇಕೆ ಹೇಳಬೇಕು?

ಈಗ ಚಾಪೆಗಳು ಅಟ್ಟದ ಮೇಲಿವೆ. ಮೊನ್ನೆ ಮಧ್ಯಾಹ್ನ, ತೊಳೆಯುತ್ತಿದ್ದ ಒಂದೇ ಒಂದು ತಟ್ಟೆ ಕೈಜಾರಿ ಠಣಾರೆಂದು ಬಿತ್ತು. ಅವಳು ಉಸಿರು ಬಿಗಿಹಿಡಿದು ಮುಂದಿನ ಕೋಣೆಯ ಕಡೆ ಕಿವಿಗೊಟ್ಟಳು. ತಟ್ಟೆ ಗಿರಗಿರ ತಿರುಗಿ ನಿಂತಿತು. ಯಾರೂ ಅಳಲಿಲ್ಲ.