ಅಡಿಕೆ ಚೀಲಗಳ ನಡುವೆ ನಮ್ಮ ಬ್ಯಾಂಡು

ಮೊನ್ನೆ ನನ್ನ ಹೆಂಡತಿ ವಾಷಿಂಗ್ ಮೆಷಿನ್ನಿನಿಂದ ಬಟ್ಟೆ ತೆಗೆಯುತ್ತಿದ್ದವಳು ಕಡ್ಡಿಯಂಥದ್ದೇನನ್ನೋ ಎರಡು ಬೆರಳಲ್ಲಿ ಹಿಡಿದುಕೊಂಡು ಬಂದಳು. ನನ್ನ ಜುಬ್ಬದ ಜೇಬಿನಲ್ಲಿ ಉಳಿದಿದ್ದ ಜ್ಯೇಷ್ಠಮಧುವಿನ ಚೂರು. ಸೋಪಿನ ನೀರಿನಲ್ಲಿ ಮುಕ್ಕಾಲು ಗಂಟೆ ಸುತ್ತಿ ಬಂದರೂ ಅದರ ಸಿಹಿ ವಾಸನೆ ಪೂರ್ತಿ ಹೋಗಿರಲಿಲ್ಲ. “ಇದನ್ನ ಇನ್ನೂ ಅಗೀತೀರಾ? ಎಲ್ಲಾ ಗೊತ್ತಾದ ಮೇಲೂ?” ಎಂದಳು. ಅವಳ ಆ ‘ಎಲ್ಲಾ’ದೊಳಗೆ ಏನೇನಿದೆ ಎಂಬುದನ್ನು ನಿಮಗೂ ಹೇಳಿಬಿಡುತ್ತೇನೆ. ಬೀದಿಗೆಲ್ಲ ಗೊತ್ತಾಗಿರುವುದನ್ನು ನಿಮ್ಮೊಬ್ಬರಿಂದ ಮುಚ್ಚಿಟ್ಟು ನನಗೇನಾಗಬೇಕಾಗಿದೆ?

ನಾವು ನಾಲ್ಕು ಜನ ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ನಮ್ಮ ಸ್ವಂತದ ಹಾಡು ಒಂದೂ ಇಲ್ಲ. ಬೇರೆಯವರು ಚೆನ್ನಾಗಿ ಹಾಡಿಟ್ಟ ಹಳೆಯ ಸಿನಿಮಾ ಹಾಡುಗಳನ್ನು ಭಾನುವಾರ ಬೆಳಿಗ್ಗೆ ಸೇರಿ ಕೈಲಾದಷ್ಟು ಕೆಡಿಸುತ್ತೇವೆ. ಕೀಬೋರ್ಡಿಗೆ ಗೋಪಾಳ ಬಡಾವಣೆಯಲ್ಲಿ ನಮ್ಮ ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಸುಮಿತ್ರಾ. ಗಿಟಾರಿಗೆ ಮಲವಗೊಪ್ಪದ ಅಡಿಕೆ ವ್ಯಾಪಾರಿ ಪ್ರಸನ್ನ. ಡ್ರಮ್ಸಿಗೆ ಭದ್ರಾವತಿಯ ಸೆಲ್ವಂ, ಕಾರ್ಖಾನೆಯ ಕೆಲಸದಿಂದ ನಿವೃತ್ತನಾದವನು. ಅವನ ಮಗಳಿಗೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ್ದರಿಂದ ಅವನ ಪಾಲಿಗೆ ಇವತ್ತಿಗೂ ‘ಮೇಷ್ಟ್ರು’. ಹಾಡುವವನು ನಾನೇ. ನನ್ನನ್ನು ಯಾರೂ ಆರಿಸಿದ್ದಲ್ಲ. ಮೊದಲ ದಿನ ಮೈಕು ನನ್ನ ಕೈಗೆ ಹತ್ತಿರವಿತ್ತು, ಅಷ್ಟೇ.

ಗೋಪಾಳದವರಿಗೂ ಭದ್ರಾವತಿಯವನಿಗೂ ದಾರಿ ಅಷ್ಟಿಷ್ಟು ಹಂಚಿಹೋಗಲಿ ಎಂದು ಅಭ್ಯಾಸವನ್ನು ಪ್ರಸನ್ನನ ಗೋದಾಮಿನಲ್ಲಿ ಇಟ್ಟುಕೊಂಡಿದ್ದೇವೆ. ಅಡಿಕೆ ಚೀಲಗಳನ್ನು ಸುತ್ತ ಎದೆಮಟ್ಟ ಪೇರಿಸಿ ನಡುವೆ ಡ್ರಮ್ಸ್ ಇಟ್ಟರೆ ಸದ್ದು ಹದವಾಗಿ ಕೇಳುತ್ತದೆ. ಸ್ಟುಡಿಯೋದವರು ಗೋಡೆಗೆ ಸ್ಪಂಜು ಹೊಡೆಸುವುದೂ ಇದಕ್ಕೇ ಅಂತೆ. ತೊಂದರೆಯೆಂದರೆ, ಧಾರಣೆ ಏರಿದ ಕೂಡಲೇ ಪ್ರಸನ್ನ ಚೀಲಗಳನ್ನೆಲ್ಲ ಸಾಗಿಸಿಬಿಡುತ್ತಾನೆ. ಆಗ ನಮ್ಮ ಸಂಗೀತ ಖಾಲಿ ಡಬ್ಬ ಉರುಳಿಸಿದ ಹಾಗೆ ಕೇಳುತ್ತದೆ. ಊರಿಗೆ ಊರೇ ಅಡಿಕೆಗೆ ಒಳ್ಳೆಯ ರೇಟು ಬಂತೆಂದು ಖುಷಿಯಲ್ಲಿರುವಾಗ ನಾವು ಮೂವರು ಮಾತ್ರ ಪ್ರಸನ್ನನಿಗೆ ಕೇಳಿಸದ ಹಾಗೆ ನಿಟ್ಟುಸಿರು ಬಿಡುತ್ತೇವೆ. ಸೋಗಾನೆ ನಿಲ್ದಾಣಕ್ಕೆ ಇಳಿಯುವ ವಿಮಾನದ ಸದ್ದು ಕೇಳಿದರಂತೂ ಪಲ್ಲವಿಯಲ್ಲಿರಲಿ, ಚರಣದಲ್ಲಿರಲಿ, ಎಲ್ಲರೂ ನಿಲ್ಲಿಸಿ ಅಂಗಳಕ್ಕೆ ಓಡಿ ನೋಡಿ ಬರುತ್ತೇವೆ. ಅದರಲ್ಲಿ ನಮ್ಮ ಪರಿಚಯದವರು ಯಾರೂ ಇರುವುದಿಲ್ಲ.

ಈಗ ನನ್ನ ದನಿಯ ವಿಷಯಕ್ಕೆ ಬರೋಣ. ನಾಚಿಕೆಯಿಂದ ಸುತ್ತಿ ಬಳಸಿ ಬರುತ್ತಿದ್ದೇನೆ, ಕ್ಷಮಿಸಿ. ಕಾಲೇಜಿನಲ್ಲಿ ನಾನು ಒಂದು ಹಾಡಿಗೆ ಹೆಸರಾಗಿದ್ದೆ. ಅದರ ಚರಣದಲ್ಲಿ ದನಿ ಏರುತ್ತಾ ಏರುತ್ತಾ ತುದಿಗೆ ಹೋಗಿ ನಿಲ್ಲಬೇಕಾದ ಒಂದು ಸಾಲಿದೆ. ಅಲ್ಲಿ ಗಂಟಲು ಒಡೆಯದೆ ನಿಂತವನು ಗಾಯಕ, ಒಡೆದವನು ಕೆಳಗಿಳಿದು ಸಭಿಕರ ಜೊತೆ ಕೂರಬೇಕು. ಈ ಹಾಡನ್ನು ಐವತ್ತೆಂಟನೆಯ ವಯಸ್ಸಿನಲ್ಲೂ ಅದೇ ಶ್ರುತಿಯಲ್ಲಿ ಹಾಡುತ್ತೇನೆಂದು ನಾನು ಸ್ಟಾಫ್ ರೂಮಿನಲ್ಲಿ, ಕ್ಷೌರದಂಗಡಿಯಲ್ಲಿ, ನೆಂಟರ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಹೇಳಿಕೊಂಡು ಬಂದಿದ್ದೆ. ಗುಟ್ಟೇನು ಎಂದು ಕೇಳಿದವರಿಗೆ, ಕೇಳದವರಿಗೂ, “ಜ್ಯೇಷ್ಠಮಧು ಅಗೀರಿ, ರಾತ್ರಿ ಮೊಸರು ಬಿಡಿ” ಎಂದು ಉಪದೇಶ ಮಾಡಿದ್ದೆ.

ಎರಡು ವರ್ಷದ ಹಿಂದೆ ಸೆಲ್ವಂ ಮಗಳ ಮದುವೆ ಗೊತ್ತಾಯಿತು. ರಿಸೆಪ್ಷನ್ನಿಗೆ ಹೊರಗಿನ ಆರ್ಕೆಸ್ಟ್ರಾ ಬೇಡ, ಅಪ್ಪನ ಬ್ಯಾಂಡೇ ನುಡಿಸಬೇಕು, ಮೇಷ್ಟ್ರು ಆ ಹಾಡನ್ನೇ ಹಾಡಬೇಕು ಎಂದು ಹುಡುಗಿ ಹಟ ಹಿಡಿದಳು. ಅಲ್ಲಿಯವರೆಗೆ ಅಡಿಕೆ ಚೀಲಗಳ ಮುಂದೆ ಮಾತ್ರ ಹಾಡಿದ್ದ ನಮಗೆ ಅದು ಮೊದಲ ಸಭೆ. ನಾನು ಜ್ಯೇಷ್ಠಮಧುವನ್ನು ದಿನಕ್ಕೆ ಮೂರು ಚೂರಿಗೆ ಏರಿಸಿದೆ.

ಮದುವೆಗೆ ಒಂದು ತಿಂಗಳಿರುವಾಗ ಒಂದು ಭಾನುವಾರ, ಅಭ್ಯಾಸದ ನಡುವೆ ಕರೆಂಟು ಹೋಯಿತು. ಹತ್ತು ನಿಮಿಷದಲ್ಲಿ ಬಂತು. ಅದೇ ಹಾಡನ್ನು ಮತ್ತೆ ಎತ್ತಿಕೊಂಡೆವು. ಶುರುವಿನಲ್ಲೇ ಗಿಟಾರು ಒಂದು ಕಡೆ, ಕೀಬೋರ್ಡು ಒಂದು ಕಡೆ ಎಳೆಯತೊಡಗಿದವು. ನಾನು ಪ್ರಸನ್ನನನ್ನು ಗದರಿದೆ: “ಶ್ರುತಿ ಮಾಡ್ಕೊಳೋ ಮಾರಾಯ! ಇಷ್ಟು ವರ್ಷ ಆದ್ರೂ ಕಿವಿ ಬರ್ಲಿಲ್ವಲ್ಲ ನಿಂಗೆ.” ಅವನು ಬಾರಿಸುವುದನ್ನೇ ನಿಲ್ಲಿಸಿದ. ನಾನು ಕೀಬೋರ್ಡನ್ನು ಹಿಡಿದುಕೊಂಡು ಚರಣಕ್ಕೆ ಏರಿದೆ, ಆ ಸಾಲಿಗೆ ಬಂದೆ, ಬಾಯಿ ತೆರೆದೆ. ಹೊರಗೆ ಬಂದದ್ದು ಎಣ್ಣೆ ಕಾಣದ ಗೇಟಿನ ಸದ್ದು.

“ಅಯ್ಯೋ! ಕರೆಂಟ್ ಹೋಗಿತ್ತಲ್ಲ, ಮೂರು ಇಳಿಸೋದೇ ಮರ್ತೆ” ಎಂದರು ಸುಮಿತ್ರಾ. ಎಂದವರೇ ಬಾಯಿ ಮುಚ್ಚಿಕೊಂಡರು.

“ಏನು ಮೂರು?” ಎಂದೆ. ಪ್ರಸನ್ನ ಅಡಿಕೆ ಚೀಲಗಳನ್ನು ಎಣಿಸುವವನ ಹಾಗೆ ಆ ಕಡೆ ತಿರುಗಿದ.

ಸಂಗತಿ ಇಷ್ಟು. ಕೀಬೋರ್ಡಿನಲ್ಲಿ ಒಂದು ಗುಂಡಿಯಿದೆ. ಬೆರಳು ಎಂದಿನ ಮನೆಗಳ ಮೇಲೇ ಓಡುತ್ತಿದ್ದರೂ, ಆ ಗುಂಡಿಯನ್ನು ಒತ್ತಿದ ಒಂದೊಂದು ಸಲಕ್ಕೂ ಶ್ರುತಿ ಅರ್ಧರ್ಧ ಮನೆ ಕೆಳಗಿಳಿಯುತ್ತದೆ. ಸ್ವಿಚ್ ಆರಿಸಿ ಹಾಕಿದರೆ, ಇಲ್ಲವೇ ಕರೆಂಟು ಹೋಗಿ ಬಂದರೆ, ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ. ನನ್ನ ಗಂಟಲು ಏದುಸಿರು ಬಿಡುವುದನ್ನು ಕಂಡು ಸುಮಿತ್ರಾ ಅದಕ್ಕೆ ಹಿಂದಿನ ಎರಡು ವರ್ಷದಲ್ಲಿ ಸದ್ದಿಲ್ಲದೆ ಒಂದರಿಂದ ಮೂರಕ್ಕೆ ಬಂದು, ಪ್ರತಿ ಭಾನುವಾರ ಶುರುವಿಗೆ ಮೊದಲೇ ಇಳಿಸಿಡುತ್ತಿದ್ದರು. ಅದಕ್ಕೆ ಸರಿಯಾಗಿ ಪ್ರಸನ್ನ ಗಿಟಾರಿನ ತಂತಿ ಸಡಿಲಿಸುತ್ತಾ ಬಂದಿದ್ದ. ಸೂಜಿ ಹಿಡಿದುಕೊಂಡೇ “ಏನೂ ನೋವಾಗಲ್ಲ” ಎಂದು ದಿನಕ್ಕೆ ಹತ್ತು ಜನರನ್ನು ನಂಬಿಸುವ ಡಾಕ್ಟರಿಗೆ ನಾನು ಯಾವ ಲೆಕ್ಕ?

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಅವಮಾನವಾಯಿತು. “ನನ್ನನ್ನ ಮಂಗ ಮಾಡಿದ್ರಿ” ಎಂದು ಹೇಳಿ ಸ್ಕೂಟರ್ ಹತ್ತಿ ಬಂದುಬಿಟ್ಟೆ. ಮುಂದಿನ ಎರಡು ಭಾನುವಾರ ಹೋಗಲಿಲ್ಲ. ಫೋನು ಬಂದರೆ ಹೆಂಡತಿಯ ಕೈಗೆ ಕೊಟ್ಟು ಸ್ನಾನಕ್ಕೆ ಹೋಗುತ್ತಿದ್ದೆ. ಇನ್ನು ಹಾಡುವುದಿಲ್ಲ ಎಂದೇ ನಿರ್ಧರಿಸಿದ್ದೆ. ಬಚ್ಚಲಲ್ಲೂ ಹಾಡಲಿಲ್ಲ, ಅಲ್ಲಿ ಒಬ್ಬನೇ ಹಳೆಯ ಶ್ರುತಿಯಲ್ಲಿ ಒಮ್ಮೆ ಪ್ರಯತ್ನಿಸಿ ನೋಡುವ ಧೈರ್ಯ ನನಗಿರಲಿಲ್ಲ.

ಮದುವೆಗೆ ಹತ್ತು ದಿನವಿರುವಾಗ ಸೆಲ್ವಂ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದ. ಸೋಫಾದ ತುದಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಪೂರಾ ನನ್ನ ಪಕ್ಷವನ್ನೇ ವಹಿಸಿದ.

“ತಪ್ಪು ಅವ್ರದ್ದೇ ಮೇಷ್ಟ್ರೇ. ನಂಗೂ ಗೊತ್ತಿರ್ಲಿಲ್ಲ. ದೋಸ್ತಿ ಅಂದ್ಮೇಲೆ ಮುಖಕ್ಕೆ ಹೇಳ್ಬೇಕಪ್ಪಾ. ನಂಗೇನಾದ್ರೂ ಯಾರಾದ್ರೂ ಹಿಂಗೆ ಮಾಡಿದ್ರೆ, ಡ್ರಮ್ಸ್ ತಗೊಂಡೋಗಿ ಭದ್ರಾ ಹೊಳೆಗೆ ಎಸೆದ್ಬಿಡ್ತಿದ್ದೆ.”

ಇಲ್ಲಿ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ, ಈಗ ಹೇಳಲೇಬೇಕು. ಅದಕ್ಕೆ ಹಿಂದಿನ ದೀಪಾವಳಿಯಿಂದ ಸೆಲ್ವಂನ ಬಲಮೊಣಕೈ ನೋಯುತ್ತಿತ್ತು. ಅವನು ಬಾಯಿಬಿಟ್ಟು ಹೇಳಿದವನಲ್ಲ, ಆದರೆ ಜೋರಿನ ಹಾಡುಗಳಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ಕೈ ಸೋಲುತ್ತಿತ್ತು. ಹಾಡಿಗೆ ಮೊದಲು ಚಪ್ಪಾಳೆ ತಟ್ಟಿ ವೇಗ ಹಿಡಿದುಕೊಡುವುದು ನನ್ನ ಕೆಲಸ. ನಾನೇ ಸುಮಿತ್ರಾ ಅವರನ್ನೂ ಪ್ರಸನ್ನನನ್ನೂ ಪಕ್ಕಕ್ಕೆ ಕರೆದು, ಎಲ್ಲ ಹಾಡನ್ನೂ ಒಂಚೂರು ನಿಧಾನವಾಗಿಯೇ ಶುರು ಮಾಡೋಣ, ಅವನಿಗೆ ತಿಳಿಯುವುದು ಬೇಡ ಎಂದಿದ್ದೆ. ಮೇಲಿಂದ ಅವನ ಬೆನ್ನು ತಟ್ಟಿ “ನಿನ್ನ ಕೈಗೆ ಇನ್ನೂ ಇಪ್ಪತ್ತೇ ವರ್ಷ ಕಣೋ” ಎಂದೂ ಹೇಳುತ್ತಿದ್ದೆ. ಸೆಲ್ವಂ ಪತ್ರಿಕೆಯಲ್ಲಿ ಆಟದ ಪುಟ ಬಿಟ್ಟು ಬೇರೇನೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನೀವೂ ಬಾಯಿ ಬಿಡಬೇಡಿ.

ನನ್ನ ಹೆಂಡತಿಗೆ ಇದೆಲ್ಲ ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಲೋಟದೊಳಗೆ ಮುಖವಿಟ್ಟು ಇಲ್ಲದ ಕಾಫಿಯನ್ನೇ ಇನ್ನೂ ಎರಡು ಸಲ ಕುಡಿದೆ. ನಾನು ಸೆಲ್ವಂನಿಗೆ ಮಾಡಿದ್ದು ಪ್ರೀತಿಯಿಂದ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಹಾಗಾದರೆ ಅವರು ನನಗೆ ಮಾಡಿದ್ದು?

“ಬರ್ತೀನಿ ಬಿಡೋ ಭಾನುವಾರ” ಎಂದೆ.

ಹೋದೆ. ಮೈಕು ಹಿಡಿದು ನಾನೇ ಹೇಳಿದೆ: “ಡಾಕ್ಟ್ರೇ, ಮೂರು ಇಳ್ಸಿ.” ಸುಮಿತ್ರಾ ಕಣ್ಣು ಒರೆಸಿಕೊಂಡು, “ನಾಲ್ಕೇ ಇಳಿಸ್ಲಾ ಸಾರ್? ಏನೂ ನೋವಾಗಲ್ಲ” ಎಂದರು. ಪ್ರಸನ್ನ ನಕ್ಕ ರಭಸಕ್ಕೆ ಚೀಲವೊಂದು ಜಾರಿ ಬಿತ್ತು. ರಿಸೆಪ್ಷನ್ನಿನಲ್ಲಿ ನಾಲ್ಕು ಇಳಿಸಿಕೊಂಡೇ ಹಾಡಿದೆ. ಮದುಮಗಳು ವೇದಿಕೆಯ ಮೇಲಿಂದಲೇ ಶಿಳ್ಳೆ ಹೊಡೆದಳು.

ಕಳೆದ ಭಾನುವಾರ ಹೊಸದೊಂದು ಹಾಡು ಎತ್ತಿಕೊಂಡಿದ್ದೆವು, ಸ್ವಲ್ಪ ಓಟದ್ದು. ನಡುವೆ ಸೆಲ್ವಂನ ಬಲಗೈಯಿಂದ ಕೋಲು ಜಾರಿ ಗೋದಾಮಿನ ಮೂಲೆಗೆ ಉರುಳಿತು. ಎತ್ತಿಕೊಂಡು ಬಂದ. ಮತ್ತೆ ಶುರು ಮಾಡಿದೆವು, ಮತ್ತೆ ಜಾರಿತು. ಈ ಸಲ ಅವನು ಎತ್ತಿಕೊಳ್ಳಲು ಏಳಲಿಲ್ಲ. ತನ್ನ ಅಂಗೈಯನ್ನೇ ನೋಡುತ್ತಾ ಕೂತ. ಡ್ರಮ್ಸನ್ನು ಹೊಳೆಗೆ ಎಸೆಯುವ ಅವನ ಮಾತು ನನಗೆ ನೆನಪಾಯಿತು. ಅಡಿಕೆ ಚೀಲಕ್ಕೆ ಒರಗಿ, ಎದೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

“ನಿಲ್ಸಿ, ನಿಲ್ಸಿ. ನನ್ನ ಕೈಲಾಗಲ್ಲ. ವಯಸ್ಸಾಯ್ತು, ಉಸಿರು ಸಾಲ್ತಿಲ್ಲ. ಸೆಲ್ವಂ, ಇನ್ನೊಂಚೂರು ನಿಧಾನ ಮಾಡೋ ಮಾರಾಯ.”

ಸೆಲ್ವಂನ ಮುಖ ತಿಳಿಯಾಯಿತು. ಎದ್ದು ಬಂದು, ನೋಯುವ ಅದೇ ಕೈಯನ್ನು ನನ್ನ ಹೆಗಲ ಮೇಲಿಟ್ಟು, ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: “ಆಗ್ಲಿ ಮೇಷ್ಟ್ರೇ. ನಿಮಗೋಸ್ಕರ ನಿಧಾನ ಬಾರಿಸ್ತೀನಿ. ಹೊರಗಡೆ ಯಾರಿಗೂ ಹೇಳಲ್ಲ.”