ಒಂದೇ ಕಾಗದ, ಮೂರು ದಾರಿ

“ಸುಮಾರು ಇನ್ನೂರು ವರ್ಷದ ಹಿಂದಿನ ಮಾತು. ಅಮೆರಿಕ ಆಗಷ್ಟೇ ಹುಟ್ಟಿದ ದೇಶ, ವಿಮಲಕ್ಕ. ಅವರ ರಾಯಭಾರಿ ಪ್ಯಾರಿಸಿನಲ್ಲಿ ಕೂತಿದ್ದಾನೆ. ಅಲ್ಲಿ ಇವತ್ತಿದ್ದ ಸರ್ಕಾರ ನಾಳೆ ಇಲ್ಲ. ಯಾರಿಗೆ ಕೈ ಮುಗಿಯುವುದು, ಯಾರಿಂದ ದೂರ ಇರುವುದು ಅಂತ ಊರಿಗೆ ಬರೆದು ಕೇಳ್ಬೇಕು. ಉತ್ತರ ಸಮುದ್ರ ದಾಟಿ ಬರುವಾಗ ಕೇಳಿದ ಪ್ರಶ್ನೆಯೇ ಹಳಸಿರ್ತದೆ. ಹಡಗು ಮುಳುಗ್ಬಹುದು, ಶತ್ರುಗಳು ಹಿಡೀಬಹುದು. ಅದಕ್ಕೆ ಒಂದೇ ಕಾಗದವನ್ನು ಎರಡು ಮೂರು ಪ್ರತಿ ಬರೆದು ಬೇರೆ ಬೇರೆ ಹಡಗಿನಲ್ಲಿ ಕಳಿಸ್ತಿದ್ರು. ಒಂದಾದ್ರೂ ಮುಟ್ತದಲ್ಲ! ಮಕ್ಕಳಿಗೆ ಇದನ್ನೇ ಪಾಠ ಮಾಡಿ ಮಾಡಿ ನಾನೂ ಹಾಗೇ ಮಾಡಿದೆ. ಈಗ ನೋಡಿ ಅವಸ್ಥೆ.”

ಕಡಲಾಚೆಯ ಪರದೇಶದಲ್ಲಿ, ಕಿಲೆಲೆಶ್ವಾ ಬಡಾವಣೆಯ ಮಹಡಿ ಮನೆಯ ಚರಿತ್ರೆ ಮೇಷ್ಟ್ರು ಸೆವರಿನ್, ಕೆಳಮನೆಯ ಡಾಕ್ಟರ ತಾಯಿ ವಿಮಲಕ್ಕನೆದುರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಏಪ್ರಿಲ್ ರಜೆಯಲ್ಲಿ ಮಂಗಳೂರಿಗೆ ಹೋಗಿ ಸೆಲಿನ್‌ಳನ್ನು ಮದುವೆಯಾಗಿ ಬಂದಿದ್ದರು. ಅವಳು ಹಿಂದಿನಿಂದ ಬರುವುದೆಂದು ಮಾತು. ಅಷ್ಟರಲ್ಲಿ ಎಂಬತ್ತೆರಡರ ಆಗಸ್ಟಿನಲ್ಲಿ ಇಲ್ಲಿ ಸೈನಿಕರು ದಂಗೆಯೆದ್ದರು. ರೇಡಿಯೋ ಒಮ್ಮೆ ಸರ್ಕಾರ ಬಿತ್ತೆಂದಿತು, ಆಮೇಲೆ ಬೀಳಲಿಲ್ಲವೆಂದಿತು. ಹೆದರಿದ ಸೆವರಿನ್ ‘ಈಗ ಬರಬೇಡ’ ಎಂದು ಮೂರು ಪ್ರತಿ ಬರೆದರು. ಒಂದು ಅಂಚೆಗೆ, ಉಳಿದೆರಡು ಊರಿಗೆ ಹೊರಟಿದ್ದ ಪರಿಚಯದ ಪೀಟರ್ ಮತ್ತು ಲಾರೆನ್ಸರ ಕೈಗೆ. ಪೇಟೆ ತಣ್ಣಗಾದ ಮೇಲೆ ‘ಬಾ’ ಎಂದು ಮತ್ತೆ ಬರೆದು ಕಳಿಸಿದರು.

ಕೈಯಲ್ಲಿ ಕೊಟ್ಟ ಕಾಗದಕ್ಕೆ ಒಯ್ಯುವವರೇ ಹೊರಡುವ ದಿನದ ತಾರೀಖು ಹಾಕುವುದು ಅವರ ಬಳಗದ ರೂಢಿ. ಲಾರೆನ್ಸರಿಗೆ ತಿಕೀಟು ಸಿಕ್ಕಿದ್ದು ತಿಂಗಳು ಕಳೆದ ಮೇಲೆ. ಹಳೆಯ ‘ಬರಬೇಡ’ ಹೊಸ ತಾರೀಖು ಹೊತ್ತು ಎಲ್ಲಕ್ಕಿಂತ ಕೊನೆಗೆ ಮುಟ್ಟಿತು. ಮಾವನವರ ತಂತಿ ಬಂತು: ಬೇಡವೆಂದ ಮೇಲೆ ಮಗಳನ್ನು ಕಳಿಸುವುದಿಲ್ಲ.

“ಆ ರಾಯಭಾರಿಗಳಾದ್ರೂ ಕಾಗದಕ್ಕೆ ನಂಬರು ಹಾಕ್ತಿದ್ರು, ಅಕ್ಕ. ನಾನು ಹಾಕ್ಲಿಲ್ಲ.”

“ಮಕ್ಕಳು ಹೀಗೆ ಮಾಡಿದ್ರೆ ಸೊನ್ನೆ ಕೊಡ್ತಿದ್ರಿ,” ಎಂದು ವಿಮಲಕ್ಕ ನಕ್ಕರು. “ತಂತಿ ಕೊಟ್ರಾ?”

“ಕೊಟ್ಟು ವಾರ ಆಯ್ತು. ಉತ್ತರವೇ ಇಲ್ಲ. ಇನ್ನು ಅವಳು ಬರುವುದು ಸಂಶಯ.”

“ಹುಡುಗಿಗೂ ಬುದ್ಧಿ ಉಂಟಲ್ಲ ಮಾಷ್ಟ್ರೆ, ತಾಳಿ.”

ಮರುದಿನ ಸಂಜೆ ಡಾಕ್ಟರ ಮನೆಯ ಫೋನು ಬಡಿದುಕೊಂಡಿತು. ವಿಮಲಕ್ಕ ಮೆಟ್ಟಿಲ ಬುಡದಿಂದಲೇ ಕೂಗಿದರು. ಸೆವರಿನ್ ಬರಿಗಾಲಲ್ಲಿ ಇಳಿದು ಬಂದರು. ಮಂಗಳೂರಿನ ಇಗರ್ಜಿಯ ಪಾದ್ರಿಗಳ ಕಚೇರಿಯಿಂದ ಸೆಲಿನ್!

“ಅಪ್ಪ ನಿಮ್ಮ ಕಾಗದ ಓದಿದ್ರು. ನಾನು ಲಾರೆನ್ಸ್ ಅಂಕಲನ್ನೇ ಕೇಳಿದೆ, ಅಲ್ಲಿ ಹೇಗುಂಟು ಅಂತ. ‘ಮಟಾಟು ವ್ಯಾನು ಓಡ್ತಾ ಉಂಟು, ಅಂಗಡಿ ತೆರೆದುಂಟು, ಕ್ರಿಸ್ಮಸ್‌ಗೆ ಮೊದಲು ನಾನೇ ವಾಪಸು ಹೋಗ್ತೇನೆ’ ಅಂದ್ರು. ಕಾಗದ ತಂದವರೇ ಹಾಗೆ ಹೇಳಿದ ಮೇಲೆ ಅಪ್ಪನೂ ಒಪ್ಪಿದ್ರು. ಅವರ ಜತೆಗೇ ಬರ್ತೇನೆ. ಅಲ್ಲಿವರೆಗೆ ಮತ್ತೊಂದು ಕಾಗದ ಬರೀಬೇಡಿ, ಮಾರಾಯ್ರೆ!”

ಸೆವರಿನ್ ಫೋನಿಟ್ಟು ತಿರುಗಿದರು. ವಿಮಲಕ್ಕನ ಮುಂದೆ ಸುಕುಮಾ ಸೊಪ್ಪಿನ ರಾಶಿಯಿತ್ತು. ಮೇಷ್ಟ್ರು ಅವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಎಲೆ ತೆಗೆದು ದಂಟು ಬಿಡಿಸತೊಡಗಿದರು.